ಅದಿರಿನ ವಿಳಾಸ ಹೇಳುವ ಅಂತರ್ಜಲ

ಪಂಪ್‌ಸೆಟ್, ಮೋಟಾರು, ಟ್ರಾನ್ಸ್‌ಫಾರ್ಮರ್ ತಯಾರಿಸುವ ಸಣ್ಣ ಘಟಕಗಳ ಮಾಲೀಕರು ಬೆಳಿಗ್ಗೆ ಮೊದಲು ವಿಚಾರಿಸುವುದು ತಾಮ್ರದ ದರವನ್ನು. ವೈಂಡಿಂಗ್ ತಂತಿಯ ಬೆಲೆ ಏರಿದರೆ ಮೊದಲೇ ಒಪ್ಪಿಕೊಂಡ ಆರ್ಡರಿನ ಲಾಭಾಂಶ ಕರಗುತ್ತದೆ. ಇಳಿದರೆ ಗೋದಾಮಿನ ದಾಸ್ತಾನು ನಷ್ಟಕ್ಕೆ ಕಾರಣವಾಗುತ್ತದೆ. ಈ ದರವು ಲಂಡನ್ ಲೋಹ ವಿನಿಮಯ ಕೇಂದ್ರದ ಏರಿಳಿತವನ್ನು ಅನುಸರಿಸುತ್ತದೆಂಬುದು ಎಲ್ಲ ವರ್ತಕರಿಗೂ ತಿಳಿದ ಸಂಗತಿ. ಆದರೆ ದೀರ್ಘಾವಧಿಯಲ್ಲಿ ಲೋಹದ ಲಭ್ಯತೆಯನ್ನು ನಿರ್ಧರಿಸುವ ಇನ್ನೊಂದು ಅಂಶದತ್ತ ಗಮನ ಹರಿಯುವುದು ಕಡಿಮೆ. ಹೊಸ ನಿಕ್ಷೇಪಗಳು ಎಷ್ಟು ಬೇಗ, ಎಷ್ಟು ಖರ್ಚಿನಲ್ಲಿ ಪತ್ತೆಯಾಗುತ್ತವೆ ಎಂಬುದೇ ಆ ಅಂಶ.

ಭೂಮಿಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣುವಂತಿದ್ದ ಅದಿರನ್ನು ನಮ್ಮ ಪೂರ್ವಿಕರೇ ಹುಡುಕಿ ತೆಗೆದರು. ಹಸಿರು ಬಣ್ಣಕ್ಕೆ ತಿರುಗಿದ ಬಂಡೆ ತಾಮ್ರದ ಸುಳಿವು ಕೊಟ್ಟಿತು; ಬೆಣಚುಕಲ್ಲಿನ ಎಳೆ ಚಿನ್ನದ ದಾರಿ ತೋರಿತು. ಪ್ರಪಂಚದ ಬಹುತೇಕ ಹಳೆಯ ಗಣಿಗಳ ಇತಿಹಾಸ ಇಂತಹದೇ. ಇಂದು ಉಳಿದಿರುವ ನಿಕ್ಷೇಪಗಳಲ್ಲಿ ಅನೇಕವು ಮಣ್ಣು, ಮರಳು, ಜಲ್ಲಿ ಅಥವಾ ಶಿಥಿಲ ಶಿಲೆಯ ದಪ್ಪ ಹೊದಿಕೆಯ ಕೆಳಗೆ ಅಡಗಿವೆ. ಅಲ್ಲಿ ಮೇಲ್ಮೈಯ ಬಂಡೆ ಏನನ್ನೂ ಹೇಳುವುದಿಲ್ಲ. ಕೊರೆದು ನೋಡುವುದೊಂದೇ ಖಚಿತವಾದ ಮಾರ್ಗ. ಅನ್ವೇಷಣೆಯಲ್ಲಿ ಅತಿ ಹೆಚ್ಚು ಹಣ ಕೇಳುವುದೂ ಅದೇ. ಎಲ್ಲಿ ಕೊರೆಯಬೇಕೆಂಬುದನ್ನು ಮೊದಲೇ ಸ್ವಲ್ಪಮಟ್ಟಿಗೆ ತಿಳಿಸಬಲ್ಲ ಯಾವುದೇ ವಿಧಾನಕ್ಕೆ ಗಣಿ ಉದ್ಯಮದಲ್ಲಿ ಬೆಲೆಯಿದೆ. ನೆಲದೊಳಗಿನ ನೀರಿನ ರಸಾಯನಿಕ ಪರೀಕ್ಷೆ ಅಂತಹ ಒಂದು ವಿಧಾನ.

ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಹುತ್ತ, ಮರ, ಕಲ್ಲು ಮತ್ತು ಮಣ್ಣಿನ ಲಕ್ಷಣಗಳನ್ನು ನೋಡಿ ನೆಲದೊಳಗಿನ ನೀರನ್ನು ಪತ್ತೆಹಚ್ಚುವ ಬಗೆಯನ್ನು ಒಂದು ಅಧ್ಯಾಯದಲ್ಲಿ ವಿವರಿಸಿದ್ದಾನೆ. ಇಂದಿನ ಭೂರಸಾಯನ ತಜ್ಞರು ಅದೇ ದಾರಿಯಲ್ಲಿ ಹಿಮ್ಮುಖವಾಗಿ ನಡೆಯುತ್ತಾರೆ. ಅವರು ನೀರನ್ನು ನೋಡಿ ಕಲ್ಲನ್ನು ಊಹಿಸುತ್ತಾರೆ.

ನೀರು ಹೊತ್ತು ತರುವ ಸುಳಿವು

ಮಳೆಯ ನೀರು ನೆಲದಲ್ಲಿ ಇಂಗಿ ಶಿಲೆಯ ಬಿರುಕುಗಳಲ್ಲಿ ನಿಧಾನವಾಗಿ ಚಲಿಸುತ್ತದೆ. ಹಾದುಹೋಗುವ ದಾರಿಯಲ್ಲಿ ಸಿಕ್ಕ ಖನಿಜಗಳಿಂದ ಅಲ್ಪಸ್ವಲ್ಪ ಅಂಶವನ್ನು ಕರಗಿಸಿಕೊಳ್ಳುತ್ತದೆ. ತಾಮ್ರ, ಸತು, ಸೀಸ ಮುಂತಾದ ಲೋಹಗಳು ನಿಕ್ಷೇಪಗಳಲ್ಲಿ ಬಹುಮಟ್ಟಿಗೆ ಗಂಧಕದೊಡನೆ ಕೂಡಿದ ಸಲ್ಫೈಡ್ ಖನಿಜಗಳ ರೂಪದಲ್ಲಿರುತ್ತವೆ. ಆಮ್ಲಜನಕ ಬೆರೆತ ನೀರು ಇವುಗಳನ್ನು ಮುಟ್ಟಿದಾಗ ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಇವೂ ನಿಧಾನವಾಗಿ ಕೊಳೆಯುತ್ತವೆ. ಗಂಧಕವು ಸಲ್ಫೇಟ್ ಆಗಿ ನೀರಿಗೆ ಸೇರುತ್ತದೆ, ನೀರು ಆಮ್ಲೀಯವಾಗುತ್ತದೆ, ಅದರೊಡನೆ ಲೋಹಗಳೂ ಕರಗುತ್ತವೆ. ನಿಕ್ಷೇಪವನ್ನು ದಾಟಿ ಮುಂದೆ ಹರಿದ ನೀರಿನಲ್ಲಿ ಈ ಭೇಟಿಯ ಗುರುತು ಉಳಿದಿರುತ್ತದೆ.

ಅನುಕೂಲ ಇರುವುದು ಇಲ್ಲಿಯೇ. ಕೊರೆತದ ಒಂದು ರಂಧ್ರವು ಕೆಲವೇ ಅಂಗುಲ ಅಗಲದ ಶಿಲೆಯನ್ನು ಮಾತ್ರ ಪರೀಕ್ಷಿಸುತ್ತದೆ. ನಿಕ್ಷೇಪದಿಂದ ಐವತ್ತು ಮೀಟರ್ ಆಚೆ ಕೊರೆದರೂ ಅದು ಕೈತಪ್ಪಬಹುದು. ಆದರೆ ಒಂದು ಬಾವಿಯ ನೀರು ವಿಶಾಲವಾದ ಪ್ರದೇಶದಿಂದ ಹರಿದು ಬಂದಿರುತ್ತದೆ. ಹೀಗಾಗಿ ಒಂದು ಶೀಸೆ ನೀರು ದೊಡ್ಡ ಪ್ರದೇಶವೊಂದರ ಮಾದರಿಯಾಗುತ್ತದೆ. ಈಗಾಗಲೇ ಇರುವ ಬಾವಿಗಳಿಂದಲೇ ನೀರನ್ನು ಸಂಗ್ರಹಿಸಬಹುದಾದ್ದರಿಂದ ಆರಂಭಿಕ ವೆಚ್ಚವೂ ಹತೋಟಿಯಲ್ಲಿರುತ್ತದೆ.

ಅಟಕಾಮದ ಪಾಠ

ಈ ವಿಧಾನದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುವ ಉದಾಹರಣೆ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿದೆ. ಪ್ರಪಂಚದಲ್ಲಿ ಅತಿ ಹೆಚ್ಚು ತಾಮ್ರ ಉತ್ಪಾದಿಸುವ ದೇಶ ಚಿಲಿ. ಭಾರತದ ತಾಮ್ರ ಸಂಸ್ಕರಣಾ ಘಟಕಗಳಿಗೆ ಬೇಕಾದ ಸಾಂದ್ರೀಕೃತ ಅದಿರಿನಲ್ಲಿ ಬಹುಪಾಲು ಹೊರದೇಶಗಳಿಂದ ಬರುತ್ತದೆ. ಅದನ್ನು ಕಳುಹಿಸುವ ಪ್ರಮುಖ ದೇಶಗಳಲ್ಲಿ ಚಿಲಿಯೂ ಒಂದು.

ಆ ದೇಶದ ಉತ್ತರ ಭಾಗದ ಅಟಕಾಮ ಮರುಭೂಮಿಯಲ್ಲಿ, ಆಂಟೊಫಗಾಸ್ಟಾ ಪ್ರಾಂತ್ಯದಲ್ಲಿ, ಸ್ಪೆನ್ಸ್ ಎಂಬ ತಾಮ್ರದ ನಿಕ್ಷೇಪವಿದೆ. ಅದರ ಮೇಲೆ ಹತ್ತಾರು ಮೀಟರ್ ದಪ್ಪದ ಜಲ್ಲಿಕಲ್ಲಿನ ಹೊದಿಕೆಯಿದ್ದುದರಿಂದ ಮೇಲಿನಿಂದ ನೋಡುವವರಿಗೆ ಬರಿಯ ಬಯಲಲ್ಲದೆ ಏನೂ ಕಾಣುತ್ತಿರಲಿಲ್ಲ. ಕೆನಡಾದ ರಿಯೋ ಆಲ್ಗೋಮ್ ಕಂಪನಿಯು 1990ರ ದಶಕದ ಮಧ್ಯಭಾಗದಲ್ಲಿ ಆ ಬಯಲಿನಲ್ಲಿ ಚೌಕಗಳ ಮಾದರಿಯಲ್ಲಿ ರಂಧ್ರಗಳನ್ನು ಕೊರೆಯುತ್ತ ಹೋಗಿ ಈ ನಿಕ್ಷೇಪವನ್ನು ಕಂಡುಹಿಡಿಯಿತು. 2000ದಲ್ಲಿ ಆ ಕಂಪನಿಯನ್ನು ಬಿಲ್ಲಿಟನ್ ಕೊಂಡುಕೊಂಡಿತು. 2001ರಲ್ಲಿ ಬಿಲ್ಲಿಟನ್ ಮತ್ತು ಬಿ.ಎಚ್.ಪಿ. ಒಂದಾದವು. 2006ರಲ್ಲಿ ಗಣಿ ಉತ್ಪಾದನೆ ಆರಂಭಿಸಿತು.

ಸ್ಪೆನ್ಸ್ ಪತ್ತೆಯಾದದ್ದು ಕೊರೆತದಿಂದಲೇ ಹೊರತು ನೀರಿನಿಂದಲ್ಲ ಎಂಬುದನ್ನು ಗಮನಿಸಬೇಕು. ಆದರೆ ಗಣಿಗಾರಿಕೆ ಆರಂಭವಾಗುವ ಮುನ್ನ, ಜಲ್ಲಿಯ ಹೊದಿಕೆ ಇನ್ನೂ ಹಾಗೆಯೇ ಇದ್ದಾಗ, ಇಯಾನ್ ಕ್ಯಾಮರನ್ ಮತ್ತು ಮ್ಯಾಥ್ಯೂ ಲೇಬೋರ್ನ್ ಎಂಬ ಭೂರಸಾಯನ ವಿಜ್ಞಾನಿಗಳು ಅಲ್ಲಿನ ಕೊರೆತದ ರಂಧ್ರಗಳಿಂದ ನೀರನ್ನು ಸಂಗ್ರಹಿಸಿ ಪರೀಕ್ಷಿಸಿದರು. ನಿಕ್ಷೇಪ ಇರುವ ಸ್ಥಳ ಮೊದಲೇ ತಿಳಿದಿದ್ದುದರಿಂದ, ಉತ್ತರ ಗೊತ್ತಿರುವ ಲೆಕ್ಕವನ್ನು ಹೊಸ ವಿಧಾನದಲ್ಲಿ ಮಾಡಿ ನೋಡುವ ಅವಕಾಶ ಅವರಿಗೆ ಒದಗಿತು.

ತಾಮ್ರ ನಿಂತಿತು, ಸಂಗಾತಿಗಳು ನಡೆದವು

ಪರೀಕ್ಷೆಯ ಫಲಿತಾಂಶ ಸಾಮಾನ್ಯ ನಿರೀಕ್ಷೆಗೆ ವಿರುದ್ಧವಾಗಿತ್ತು. ತಾಮ್ರದ ನಿಕ್ಷೇಪವನ್ನು ಹುಡುಕುವವರು ನೀರಿನಲ್ಲಿ ತಾಮ್ರವನ್ನೇ ಹುಡುಕಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ನೀರಿನಲ್ಲಿ ತಾಮ್ರ ಅಧಿಕವಾಗಿ ಕಂಡದ್ದು ನಿಕ್ಷೇಪದ ಒಳಗೆ ಹಾಗೂ ಅದರ ತೀರ ಸಮೀಪದಲ್ಲಿ ಮಾತ್ರ. ಅಲ್ಲಿಂದ ಸ್ವಲ್ಪವೇ ಮುಂದೆ ಸಾಗಿದ ನೀರಿನಲ್ಲಿ ಅದು ಇಲ್ಲವೆಂಬಷ್ಟು ಕಡಿಮೆಯಾಗಿತ್ತು.

ಇದಕ್ಕೆ ಪ್ರತಿಯಾಗಿ ಸೆಲೆನಿಯಂ, ರೇನಿಯಂ, ಮಾಲಿಬ್ಡಿನಂ ಮತ್ತು ಆರ್ಸೆನಿಕ್ ಎಂಬ ಧಾತುಗಳು ನಿಕ್ಷೇಪದ ಪರಿಸರದ ನೀರಿನಲ್ಲಿ ಎದ್ದು ಕಾಣುವಷ್ಟಿದ್ದು, ನೀರು ಹರಿಯುವ ದಿಕ್ಕಿನಲ್ಲಿ ಮುಂದಕ್ಕೂ ವ್ಯಾಪಿಸಿದ್ದವು. ಸೆಲೆನಿಯಂ ಒಂದು ಲೀಟರಿಗೆ ಸುಮಾರು 800 ಮೈಕ್ರೋಗ್ರಾಂವರೆಗೂ ಕಂಡುಬಂದಿತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 40 ಮೈಕ್ರೋಗ್ರಾಂ ಎಂಬುದನ್ನು ನೆನೆದರೆ ಈ ಪ್ರಮಾಣದ ಅರಿವಾಗುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ ಸರಳವಾಗಿದೆ. ತಾಮ್ರ ಕರಗಿದಾಗ ಧನ ವಿದ್ಯುದಂಶವುಳ್ಳ ಕಣವಾಗುತ್ತದೆ. ನಿಕ್ಷೇಪದ ಸಮೀಪದ ಆಮ್ಲೀಯ ನೀರು ಮುಂದೆ ಸಾಗಿ ಸುತ್ತಲಿನ ಶಿಲೆಗಳೊಡನೆ ವರ್ತಿಸಿದಂತೆ ಅದರ ಆಮ್ಲೀಯತೆ ಇಳಿಯುತ್ತದೆ. ಆಗ ತಾಮ್ರವು ಖನಿಜವಾಗಿ ಘನೀಭವಿಸುತ್ತದೆ, ಇಲ್ಲವೇ ಜೇಡಿಮಣ್ಣಿನ ಹಾಗೂ ತುಕ್ಕಿನಂತಹ ಕಬ್ಬಿಣದ ಕಣಗಳಿಗೆ ಅಂಟಿಕೊಂಡು ನಿಂತುಬಿಡುತ್ತದೆ. ಸೆಲೆನಿಯಂ, ಮಾಲಿಬ್ಡಿನಂ ಮುಂತಾದವು ಆಮ್ಲಜನಕದೊಡನೆ ಕೂಡಿ ಋಣ ವಿದ್ಯುದಂಶವುಳ್ಳ ಕಣಗಳಾಗುತ್ತವೆ. ಆಮ್ಲೀಯವಲ್ಲದ ನೀರಿನಲ್ಲಿ ಇವುಗಳಿಗೆ ಅಂತಹ ತಡೆ ಕಡಿಮೆ. ನೀರಿನೊಡನೆಯೇ ದೂರ ಸಾಗುತ್ತವೆ. ಇವುಗಳನ್ನು ತಜ್ಞರು ಸೂಚಕ ಧಾತುಗಳೆಂದು ಕರೆಯುತ್ತಾರೆ.

ವ್ಯಾಪಾರದ ಅನುಭವವುಳ್ಳವರಿಗೆ ಇದು ಹೊಸದಲ್ಲ. ಮಂಡಿಯ ಒಳಗಿನ ಸರಕು ಹೊರಗೆ ಕಾಣದಿದ್ದರೂ ಬಾಗಿಲಲ್ಲಿ ಬಿದ್ದ ಕಾಳು, ಹೋಗಿಬರುವ ಲಾರಿ, ಖಾಲಿ ಚೀಲಗಳನ್ನು ನೋಡಿ ಒಳಗಿನ ವಹಿವಾಟನ್ನು ಅಂದಾಜು ಮಾಡುವುದುಂಟು. ತಾಮ್ರದ ನಿಕ್ಷೇಪಕ್ಕೆ ಸೆಲೆನಿಯಂ ಮತ್ತು ರೇನಿಯಂ ಅಂತಹ ಹೊರಗಿನ ಗುರುತುಗಳು. ಅವುಗಳಲ್ಲಿ ರೇನಿಯಂ ತನ್ನಷ್ಟಕ್ಕೂ ಬೆಲೆಬಾಳುವ ಲೋಹ. ಜೆಟ್ ಇಂಜಿನ್ನಿನ ಟರ್ಬೈನ್ ಅಲಗುಗಳ ಮಿಶ್ರಲೋಹದಲ್ಲಿ ಅದು ಬಳಕೆಯಾಗುತ್ತದೆ.

ಪ್ರಯೋಗಾಲಯಕ್ಕಿಂತ ಮೊದಲು ಬಾವಿಯ ಬಳಿ

ಲೀಟರಿಗೆ ಒಂದು ಮೈಕ್ರೋಗ್ರಾಂ ಎಂದರೆ ಹತ್ತು ಸಾವಿರ ಲೀಟರಿನ ನೂರು ಟ್ಯಾಂಕರ್ ನೀರಿನಲ್ಲಿ ಒಂದು ಗ್ರಾಂ. ಚಿನ್ನದ ವಿಷಯದಲ್ಲಿ ಇದರ ಸಾವಿರದಲ್ಲೊಂದು ಭಾಗವೂ ಮಹತ್ವದ ಸುಳಿವಾಗಬಹುದು. ಅಂದರೆ ಒಂದು ಲಕ್ಷ ಟ್ಯಾಂಕರಿಗೆ ಒಂದು ಗ್ರಾಂ. ಇಷ್ಟು ಸೂಕ್ಷ್ಮವಾದ ಅಳತೆ ವಾಣಿಜ್ಯ ಮಟ್ಟದಲ್ಲಿ ಸಾಧ್ಯವಾದದ್ದು 1980ರ ದಶಕದಲ್ಲಿ ಐ.ಸಿ.ಪಿ.-ಎಂ.ಎಸ್. ಎಂಬ ಉಪಕರಣ ಮಾರುಕಟ್ಟೆಗೆ ಬಂದ ನಂತರ. ನೀರಿನ ತುಂತುರನ್ನು ಅತ್ಯುಷ್ಣ ಅನಿಲ ಜ್ವಾಲೆಗೆ ಹಾಯಿಸಿ, ಅದರಲ್ಲಿನ ಧಾತುಗಳನ್ನು ತೂಕದ ಆಧಾರದ ಮೇಲೆ ಬೇರ್ಪಡಿಸಿ ಎಣಿಸುವ ಯಂತ್ರವಿದು. ಒಂದೇ ಮಾದರಿಯಿಂದ ಹತ್ತಾರು ಧಾತುಗಳ ಪ್ರಮಾಣ ತಿಳಿಯುತ್ತದೆ.

ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಮಾದರಿ ಕೆಟ್ಟರೆ ಫಲಿತಾಂಶವೂ ಕೆಡುತ್ತದೆ. ಪಂಪು ಮತ್ತು ಪೈಪು ತಯಾರಿಸುವವರಿಗೆ ಈ ಮಾತು ಬೇಗ ಅರ್ಥವಾದೀತು. ಜಿ.ಐ. ಪೈಪಿನ ಸತು ನೀರಿಗೆ ಸೇರುತ್ತದೆ. ಕಂಚಿನ ಇಂಪೆಲ್ಲರ್, ಹಿತ್ತಾಳೆಯ ವಾಲ್ವು ತಾಮ್ರವನ್ನೂ ಸತುವನ್ನೂ ಬಿಡುತ್ತವೆ. ಇದನ್ನು ಗಮನಿಸದವನು ತನ್ನ ಊರಿನ ಪಂಪನ್ನೇ ತಾಮ್ರದ ನಿಕ್ಷೇಪವೆಂದು ಭ್ರಮಿಸಬಹುದು.

ಆದ್ದರಿಂದ ಕ್ಷೇತ್ರದಲ್ಲಿ ಕೆಲವು ನಿಯಮಗಳು ಕಡ್ಡಾಯ. ಬಾವಿಯಲ್ಲಿ ನಿಂತ ನೀರನ್ನು ಮೊದಲು ಹೊರಹಾಕಿ, ಶಿಲೆಯಿಂದ ಹೊಸದಾಗಿ ಬಂದ ನೀರನ್ನೇ ತೆಗೆದುಕೊಳ್ಳಬೇಕು. ಆಮ್ಲೀಯತೆ, ಉಷ್ಣತೆ ಮತ್ತು ವಿದ್ಯುತ್ ವಾಹಕತೆಯನ್ನು ಅಲ್ಲಿಯೇ ಅಳೆಯಬೇಕು, ಏಕೆಂದರೆ ಪ್ರಯೋಗಾಲಯ ತಲುಪುವಷ್ಟರಲ್ಲಿ ಅವು ಬದಲಾಗುತ್ತವೆ. ಸೂಕ್ಷ್ಮ ರಂಧ್ರಗಳ ಸೋಸುಕದಲ್ಲಿ ನೀರನ್ನು ಸೋಸಿ, ಲೋಹಗಳ ಪರೀಕ್ಷೆಗೆ ಮೀಸಲಾದ ಶೀಸೆಗೆ ಶುದ್ಧ ನೈಟ್ರಿಕ್ ಆಮ್ಲದ ಹನಿಗಳನ್ನು ಸೇರಿಸಬೇಕು. ಇಲ್ಲವಾದರೆ ಲೋಹಗಳು ಶೀಸೆಯ ಗೋಡೆಗೆ ಅಂಟಿಕೊಳ್ಳುತ್ತವೆ. ಕ್ಲೋರೈಡ್ ಮತ್ತು ಸಲ್ಫೇಟ್ ಪರೀಕ್ಷೆಗೆ ಆಮ್ಲ ಸೇರಿಸದ ಬೇರೊಂದು ಶೀಸೆ ಬೇಕು. ಇವುಗಳೊಡನೆ ಶುದ್ಧ ನೀರಿನ ಶೀಸೆಯೊಂದನ್ನೂ, ಒಂದೇ ಬಾವಿಯ ಎರಡು ಮಾದರಿಗಳನ್ನೂ ಗುರುತು ಹೇಳದೆ ಪ್ರಯೋಗಾಲಯಕ್ಕೆ ಕಳುಹಿಸಿದರೆ ಕೆಲಸದ ವಿಶ್ವಾಸಾರ್ಹತೆ ತಿಳಿಯುತ್ತದೆ.

ಇದ್ದ ಬಾವಿಗಳ ಬಳಕೆ

ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿರುವ ಯಿಲ್ಗಾರ್ನ್ ಪ್ರದೇಶವು ಚಿನ್ನ ಮತ್ತು ನಿಕ್ಕಲ್‌ಗೆ ಹೆಸರಾದದ್ದು. ಅಲ್ಲಿನ ಪುರಾತನ ಶಿಲೆಗಳು ಬಹು ಆಳದವರೆಗೆ ಶಿಥಿಲಗೊಂಡಿವೆ. ಆ ದೇಶದ ವೈಜ್ಞಾನಿಕ ಸಂಶೋಧನಾ ಸಂಸ್ಥೆಯಾದ ಸಿ.ಎಸ್.ಐ.ಆರ್.ಓ. ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಸೇರಿ, ದನಕುರಿಗಳಿಗೆ ನೀರುಣಿಸಲು ಸಾಕಣೆದಾರರು ತೋಡಿಸಿದ್ದ ಬಾವಿಗಳಿಂದಲೇ ಮಾದರಿಗಳನ್ನು ಸಂಗ್ರಹಿಸಿ, ಪ್ರದೇಶದ ಅಂತರ್ಜಲ ರಸಾಯನದ ನಕ್ಷೆಗಳನ್ನು ಪ್ರಕಟಿಸಿದವು. ಸರ್ಕಾರದ ವೆಚ್ಚದಲ್ಲಿ ಸಿದ್ಧವಾದ ಈ ನಕ್ಷೆಗಳನ್ನು ಸಣ್ಣ ಅನ್ವೇಷಣಾ ಕಂಪನಿಗಳೂ ಬಳಸಿಕೊಳ್ಳಬಹುದು. ದೊಡ್ಡ ಬಂಡವಾಳವಿಲ್ಲದವರಿಗೂ ಮೊದಲ ಹೆಜ್ಜೆಗೆ ಇಂಬು ದೊರೆಯುವುದು ಇಂತಹ ವ್ಯವಸ್ಥೆಯಿಂದ.

ಚಿನ್ನ ನೀರಿನಲ್ಲಿ ಕರಗುವುದಿಲ್ಲವೆಂಬ ಸಾಮಾನ್ಯ ನಂಬಿಕೆಯನ್ನೂ ಈ ಪ್ರದೇಶ ಅಲ್ಲಗಳೆದಿದೆ. ಅಲ್ಲಿನ ಉಪ್ಪು ಮತ್ತು ಆಮ್ಲೀಯ ಅಂತರ್ಜಲದಲ್ಲಿ ಚಿನ್ನವು ಕ್ಲೋರೈಡಿನೊಡನೆ ಕೂಡಿ, ಅತ್ಯಲ್ಪ ಪ್ರಮಾಣದಲ್ಲಾದರೂ, ಕರಗಿ ಚಲಿಸುತ್ತದೆ.

ಮೋಸ ಹೋಗುವ ಸಂದರ್ಭಗಳು

ನೀರಿನ ಸಾಕ್ಷ್ಯವನ್ನು ಒಪ್ಪುವಾಗ ಎಚ್ಚರ ಅಗತ್ಯ. ಸಲ್ಫೇಟ್ ಹೆಚ್ಚಿದೆಯೆಂದ ಮಾತ್ರಕ್ಕೆ ಅಲ್ಲಿ ಸಲ್ಫೈಡ್ ಅದಿರು ಇರಬೇಕೆಂದಿಲ್ಲ. ಜಿಪ್ಸಂ, ರಸಗೊಬ್ಬರ ಅಥವಾ ಕಾರ್ಖಾನೆಯ ತ್ಯಾಜ್ಯವೂ ಕಾರಣವಿರಬಹುದು. ಒಣ ಪ್ರದೇಶದಲ್ಲಿ ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಎಲ್ಲ ಲವಣಗಳೂ ಸಾಂದ್ರವಾಗುತ್ತವೆ. ಆದ್ದರಿಂದ ಕೇವಲ ಪ್ರಮಾಣವನ್ನು ನೋಡದೆ, ಕ್ಲೋರೈಡಿಗೆ ಹೋಲಿಸಿದ ಅನುಪಾತವನ್ನು ನೋಡುವ ಪದ್ಧತಿಯಿದೆ. ಸಲ್ಫೇಟಿನಲ್ಲಿರುವ ಗಂಧಕದ ಸಮಸ್ಥಾನಿಗಳನ್ನು ಅಳೆದರೆ ಅದು ಅದಿರಿನಿಂದ ಬಂದದ್ದೋ ಬೇರೆ ಮೂಲದ್ದೋ ಎಂಬುದನ್ನು ಅನೇಕ ವೇಳೆ ಗುರುತಿಸಬಹುದು.

ನೀರು ಯಾವ ದಿಕ್ಕಿನಿಂದ ಬಂದಿತೆಂಬುದು ತಿಳಿಯದಿದ್ದರೆ ಸುಳಿವು ಸಿಕ್ಕರೂ ವಿಳಾಸ ಸಿಗದು. ಸೂಚಕ ಧಾತುಗಳು ಕಂಡ ಬಾವಿಯ ಕೆಳಗೇ ನಿಕ್ಷೇಪ ಇರಬೇಕೆಂದಿಲ್ಲ. ಅದು ಹರಿವಿನ ಮೇಲ್ಭಾಗದಲ್ಲಿ ಎಲ್ಲೋ ಇರಬಹುದು. ಅಷ್ಟೇ ಅಲ್ಲದೆ, ಅದಿರು ಇದೆಯೆಂದು ನೀರು ಹೇಳಬಲ್ಲದೇ ಹೊರತು ಅದು ಎಷ್ಟಿದೆ, ತೆಗೆದರೆ ಲಾಭವಿದೆಯೇ ಎಂಬುದನ್ನು ಹೇಳಲಾರದು. ಅದಕ್ಕೆ ಕೊನೆಗೆ ಕೊರೆಯಲೇಬೇಕು. ಕೊರೆಯಬೇಕಾದ ರಂಧ್ರಗಳ ಸಂಖ್ಯೆಯನ್ನು ತಗ್ಗಿಸುವುದಷ್ಟೇ ಈ ವಿಧಾನದ ಉಪಯೋಗ.

ಕರ್ನಾಟಕದಲ್ಲಿ ಇದರ ಇನ್ನೊಂದು ಮುಖ

ಗಣಿ ಮತ್ತು ಖನಿಜಗಳ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯು ಅಧಿಸೂಚಿತ ಖಾಸಗಿ ಸಂಸ್ಥೆಗಳು ಅನ್ವೇಷಣೆಯಲ್ಲಿ ತೊಡಗಲು ಅವಕಾಶ ನೀಡಿತು. 2023ರ ತಿದ್ದುಪಡಿಯು ತಾಮ್ರ, ಚಿನ್ನ, ಲಿಥಿಯಂ ಸೇರಿದಂತೆ 29 ಖನಿಜಗಳಿಗೆ ಅನ್ವೇಷಣಾ ಪರವಾನಗಿ ಎಂಬ ಹೊಸ ವ್ಯವಸ್ಥೆಯನ್ನು ತಂದಿತು. ಪರವಾನಗಿದಾರನು ಕಂಡುಹಿಡಿದ ನಿಕ್ಷೇಪ ಮುಂದೆ ಹರಾಜಾದಾಗ, ಗಣಿ ಗುತ್ತಿಗೆದಾರ ಪಾವತಿಸುವ ಹರಾಜು ಪ್ರೀಮಿಯಂನಲ್ಲಿ ಅವನಿಗೂ ಪಾಲು ದೊರೆಯುತ್ತದೆ. ಆಳದ ಖನಿಜಗಳ ಶೋಧ ಇನ್ನು ಸರ್ಕಾರಿ ಸಂಸ್ಥೆಗಳಿಗಷ್ಟೇ ಸೀಮಿತವಲ್ಲ ಎಂಬುದು ಇದರ ಅರ್ಥ.

ಕರ್ನಾಟಕದಲ್ಲಿ ಅದಿರು ಮತ್ತು ಅಂತರ್ಜಲದ ಸಂಬಂಧ ಮೊದಲು ಕಣ್ಣಿಗೆ ಬೀಳುವುದು ಕುಡಿಯುವ ನೀರಿನ ಸಮಸ್ಯೆಯಾಗಿ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಪರಮಾಣು ಖನಿಜಗಳ ನಿರ್ದೇಶನಾಲಯವು ಯುರೇನಿಯಂ ನಿಕ್ಷೇಪವನ್ನು ಗುರುತಿಸಿದೆ. ಸುಣ್ಣಕಲ್ಲಿನ ಪ್ರದೇಶದ ನೀರಿನಲ್ಲಿ ಯುರೇನಿಯಂ ಕಾರ್ಬೋನೇಟಿನೊಡನೆ ಕೂಡಿ ಸುಲಭವಾಗಿ ಕರಗುತ್ತದೆ. ಗೋಗಿಯ ಸುತ್ತಲಿನ ಅಂತರ್ಜಲದಲ್ಲಿ ಅದರ ಅಂಶ ಅಧಿಕವಾಗಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ.

ಅದೇ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಮಂಗಳೂರು ಎಂಬ ಹಳ್ಳಿಯ ಹೆಸರು ಪಡೆದ ಶಿಲಾ ಪಟ್ಟಿಯಲ್ಲಿ, ಹಿಂದೆ ಚಿನ್ನದ ಗಣಿ ನಡೆದಿತ್ತು. ಚಿನ್ನದ ಅದಿರಿನೊಡನೆ ಆರ್ಸೆನಿಕ್ ಇರುವುದು ಸಾಮಾನ್ಯ. ಅನ್ವೇಷಕರಿಗೆ ಅದು ಚಿನ್ನದ ಸೂಚಕ ಧಾತು. ಆ ಪಟ್ಟಿಯ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಮಿತಿಮೀರಿದ ಆರ್ಸೆನಿಕ್ ಇರುವುದನ್ನೂ, ನಿವಾಸಿಗಳ ಚರ್ಮದ ಮೇಲೆ ಅದರ ಪರಿಣಾಮ ಕಾಣಿಸಿಕೊಂಡಿರುವುದನ್ನೂ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿವರಿಸಿತು. ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಮಾತ್ರ. ಭೂವಿಜ್ಞಾನಿಯ ಪಟ್ಟಿಯಲ್ಲಿ ಶುಭಸೂಚನೆಯಾಗಿ ಕಾಣುವ ಅಂಕಿಯೇ ಆ ನೀರನ್ನು ಕುಡಿಯುವ ಕುಟುಂಬಕ್ಕೆ ವಿಷದ ಎಚ್ಚರಿಕೆ.

ಆದ್ದರಿಂದ ಹಳ್ಳಿಯ ಬಾವಿಯಿಂದ ಒಂದು ಶೀಸೆ ನೀರು ಕೊಂಡೊಯ್ಯುವ ಅನ್ವೇಷಕನಿಗೆ ಒಂದು ಹೊಣೆಯೂ ಅಂಟಿಕೊಳ್ಳುತ್ತದೆ. ಫಲಿತಾಂಶವು ಕಂಪನಿಯ ಕಡತಕ್ಕೆ ಸೇರುವ ಮೊದಲು ಬಾವಿಯ ಯಜಮಾನನಿಗೂ ಗ್ರಾಮ ಪಂಚಾಯಿತಿಗೂ ತಿಳಿಯಬೇಕು. ಇದಕ್ಕೆ ಹೆಚ್ಚಿನ ಪರೀಕ್ಷೆಯಾಗಲಿ ವೆಚ್ಚವಾಗಲಿ ಬೇಕಿಲ್ಲ. ಅದೇ ಕಾಗದದ ಇನ್ನೊಂದು ಪ್ರತಿ ಸಾಕು. ಜನರ ವಿಶ್ವಾಸ ಕಳೆದುಕೊಂಡ ಮೇಲೆ ಗಣಿ ಆರಂಭಿಸುವುದು ಎಷ್ಟು ಕಷ್ಟವೆಂಬುದನ್ನು ಗಣಿ ಉದ್ಯಮ ಹಲವೆಡೆ ಅನುಭವಿಸಿದೆ.

ಉದ್ಯಮಿಗಳು ಗಮನಿಸಬೇಕಾದದ್ದು

ಅನ್ವೇಷಣೆ ಬೆಳೆದಂತೆ ಸಣ್ಣ ಉದ್ಯಮಗಳಿಗೆ ಕೆಲವು ಅವಕಾಶಗಳು ತೆರೆಯುತ್ತವೆ. ಶುದ್ಧ ಮಾದರಿ ಶೀಸೆ ಮತ್ತು ಸೋಸುಕಗಳು, ನೀರಿಗೆ ಲೋಹ ಬಿಡದ ಮಾದರಿ ಸಂಗ್ರಹಣಾ ಪಂಪುಗಳು, ಕ್ಷೇತ್ರ ಮಾಪಕಗಳ ಪೂರೈಕೆ ಮತ್ತು ದುರಸ್ತಿ, ಮಾನ್ಯತೆ ಪಡೆದ ಪ್ರಯೋಗಾಲಯ ಸೇವೆ, ಆರ್ಸೆನಿಕ್ ಮತ್ತು ಯುರೇನಿಯಂ ನಿವಾರಿಸುವ ನೀರು ಶುದ್ಧೀಕರಣ ಘಟಕಗಳು ಇವುಗಳಲ್ಲಿ ಮುಖ್ಯ. ಕೊಳವೆ ಬಾವಿ ಕೊರೆಯುವವರಿಗೂ ಇಲ್ಲೊಂದು ಸ್ಥಾನವಿದೆ. ಕೊರೆದ ಆಳ, ಸಿಕ್ಕ ಶಿಲೆ ಮತ್ತು ನೀರಿನ ಪದರಗಳನ್ನು ಕ್ರಮವಾಗಿ ಬರೆದಿಟ್ಟುಕೊಂಡವರ ದಾಖಲೆಗೆ ಮುಂದೆ ಬೆಲೆ ಬಂದೀತು.

ಹೂಡಿಕೆಗೆ ಮುಂದಾಗುವವರು ಅನ್ವೇಷಣಾ ಸಂಸ್ಥೆಯನ್ನು ನಾಲ್ಕು ಪ್ರಶ್ನೆ ಕೇಳುವುದು ಒಳಿತು. ಎಷ್ಟು ಬಾವಿಗಳಿಂದ, ಎಂತಹ ಪಂಪು ಮತ್ತು ಪೈಪಿನ ಮೂಲಕ ಮಾದರಿ ತೆಗೆಯಲಾಗಿದೆ? ನಿಕ್ಷೇಪ ಇಲ್ಲದ ಸುತ್ತಲಿನ ಪ್ರದೇಶದ ಸಾಮಾನ್ಯ ಪ್ರಮಾಣ ಎಷ್ಟು? ನೀರು ಹರಿಯುವ ದಿಕ್ಕನ್ನು ಅಳೆದು ತಿಳಿಯಲಾಗಿದೆಯೇ, ಊಹಿಸಲಾಗಿದೆಯೇ? ನೀರಿನ ಸುಳಿವನ್ನು ಅನುಸರಿಸಿ ಕೊರೆತ ನಡೆದಿದೆಯೇ, ನಡೆದಿದ್ದರೆ ಸಿಕ್ಕಿದ್ದೇನು? ಮೊದಲ ಮೂರಕ್ಕೆ ಸ್ಪಷ್ಟ ಉತ್ತರವಿಲ್ಲದ ಸಂಸ್ಥೆಯ ನಾಲ್ಕನೆಯ ಉತ್ತರಕ್ಕೆ ಹಣ ಕಟ್ಟುವುದು ಜಾಣತನವಲ್ಲ.

ಹೊದಿಕೆಯ ಕೆಳಗಿನ ಅದಿರಿನ ಶೋಧ ನಿಧಾನದ ಕೆಲಸ. ಸ್ಪೆನ್ಸ್ ಪತ್ತೆಯಾದ ಮೇಲೆ ಅದರ ಮೊದಲ ತಾಮ್ರ ಮಾರುಕಟ್ಟೆಗೆ ಬರಲು ಸುಮಾರು ಹತ್ತು ವರ್ಷ ಹಿಡಿಯಿತು. ಇಂದು ಬಾವಿಯಿಂದ ಸಂಗ್ರಹಿಸಿದ ನೀರು ನಾಳಿನ ತಂತಿಯ ದರವನ್ನು ಬದಲಿಸಲಾರದು. ಆದರೆ ಮುಂದಿನ ತಲೆಮಾರಿನ ಕಾರ್ಖಾನೆಗಳಿಗೆ ಲೋಹ ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕುವ ಕಡಿಮೆ ಖರ್ಚಿನ ದಾರಿಗಳಲ್ಲಿ ಇದೂ ಒಂದು. ಆ ಉತ್ತರ ದೊರೆಯುವ ಮೊದಲೇ ಆ ಬಾವಿಯ ನೀರು ಕುಡಿಯಲು ಯೋಗ್ಯವೇ ಎಂಬ ಪ್ರಶ್ನೆಗಂತೂ ಉತ್ತರ ಸಿಕ್ಕಿರುತ್ತದೆ.